ಪಕ್ಕದ ಸೀಟಿನ ಪೆಡಲು

ಈ ಸಂಗತಿಯನ್ನು ಆ ಮನೆಯ ಮೂವರು ಹೆಂಗಸರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಕಡೆಯಿಂದ. ಅಜ್ಜಿ ಹೇಳಿದರೆ ಅದು ಮಗನ ಹೆಸರಿನಿಂದ ಶುರುವಾಗುತ್ತದೆ. ಸೊಸೆ ಹೇಳಿದರೆ ತನ್ನ ಕೆಲಸದಿಂದ. ಮೊಮ್ಮಗಳು ಹೇಳುವುದೇ ಅಪರೂಪ, ಹೇಳಿದರೂ ನೆಲ ನೋಡಿಕೊಂಡು. ಮೂವರ ಮಾತೂ ಕೂಡುವ ಜಾಗವೆಂದರೆ ಒಂದು ಸೋಮವಾರದ ಸಂಜೆ. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಆರೋಗ್ಯ ಕೇಂದ್ರದಿಂದ ಬಂದ ಸೊಸೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು:

“ಮನೆಮನೆಗೆ ಹೋಗಿ ಬಾಣಂತಿಯರನ್ನ ನೋಡೋ ಕೆಲಸ ನನಗೇ ಅಂತೆ. ಕೇಂದ್ರದ ಕಾರೂ ಕೊಡ್ತಾರೆ. ಆದ್ರೆ ಎರಡು ತಿಂಗಳೊಳಗೆ ಲೈಸೆನ್ಸ್ ತೋರಿಸ್ಬೇಕು. ಇಲ್ದಿದ್ರೆ ಹೊಸದಾಗಿ ಬಂದಿರೋ ಹುಡುಗಿಗೆ ಹೋಗತ್ತೆ.”

ಬೀದಿಯವರು ಅವಳನ್ನು ನರ್ಸಮ್ಮ ಎನ್ನುತ್ತಿದ್ದರು. ಹದಿನೆಂಟು ವರ್ಷ ಚುಚ್ಚುಮದ್ದಿನ ಕೋಣೆ, ಹೆರಿಗೆಯ ಕೋಣೆ ಎಂದು ನಿಂತೇ ದುಡಿದವಳು. ಹೆರಿಗೆಯಾದ ಮೂರನೆಯ ದಿನ ಗಂಟು ಕಟ್ಟಿಕೊಂಡು ಮನೆಗೆ ಹೋದ ಹುಡುಗಿಯರು ಆಮೇಲೆ ಏನಾದರೆಂದು ಆ ಕೋಣೆಗಳಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಯುವ ಈ ಕೆಲಸಕ್ಕಾಗಿ ಅವಳು ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ ಅದು ಕೈತಪ್ಪಿತ್ತು.

“ಇದಕ್ಕಾ ಮುಖ ಇಷ್ಟು ಸಣ್ಣ ಮಾಡ್ಕೊಂಡಿದೀಯ?” ಎಂದು ಅತ್ತೆ ನಕ್ಕಳು. “ಮನೇಲೇ ಮೇಷ್ಟ್ರನ್ನ ಇಟ್ಕೊಂಡು! ನನ್ನ ಮಗ ಕತ್ತೆಗೂ ಕಾರು ಕಲಿಸ್ತಾನೆ.”

“ಅತ್ತೆ, ಇಲ್ಲಿ ಕತ್ತೆ ಯಾರು?”

“ನಾನ್ಯಾಕೆ ಹೇಳ್ಲಿ. ನೀನಾಗೇ ಕೇಳಿದೆ.”

ಮೇಷ್ಟರು ನಡೆಸುತ್ತಿದ್ದದ್ದು ಒಂದೇ ಕಾರಿನ ಡ್ರೈವಿಂಗ್ ಶಾಲೆ. ಕಾರಿನ ನೆತ್ತಿಯ ಮೇಲಿನ ಹಲಗೆಯಲ್ಲಿ ‘ನೂರಕ್ಕೆ ನೂರು ಪಾಸು’ ಎಂದು ಬರೆಸಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅದಕ್ಕೆ ಎರಡು ಬಾರಿ ಹೊಸದಾಗಿ ಬಣ್ಣ ಹಚ್ಚಿಸಿದ್ದು ಬಿಟ್ಟರೆ ಒಂದಕ್ಷರ ಬದಲಿಸುವ ಪ್ರಮೇಯ ಬಂದಿರಲಿಲ್ಲ. ಅಂಥ ಕಾರುಗಳಲ್ಲಿ ಇರುವಂತೆ ಇದರಲ್ಲೂ ಪಕ್ಕದ ಸೀಟಿನ ಕೆಳಗೆ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಇದ್ದವು. ಮೇಷ್ಟರು ತಮ್ಮ ಕಡೆಯದನ್ನು ತುಳಿದರೆ ಕಲಿಯುವವರ ಕಡೆಯದೂ ತಾನಾಗಿ ಕೆಳಗಿಳಿಯುತ್ತಿತ್ತು.

“ನಾಳೆಯಿಂದ ಬೆಳಿಗ್ಗೆ ಆರೂವರೆಗೆ. ಚಹಾ ಕುಡಿದೇ ಬಾ, ಆಮೇಲೆ ತಲೆಸುತ್ತು ಅನ್ಬೇಡ,” ಅಂದರು ಮೇಷ್ಟರು.

“ನಾನೂ ಬರ್ತೀನಿ, ಹಿಂದಿನ ಸೀಟಿಗೆ,” ಅಂದಳು ಮಗಳು.

ಮಗಳು ಶಿಕ್ಷಕರ ತರಬೇತಿಯ ಎರಡನೆಯ ವರ್ಷದಲ್ಲಿದ್ದಳು. ಕಲಿಯುವ ಒಬ್ಬರನ್ನು ಆರು ವಾರ ಗಮನಿಸಿ ವರದಿ ಬರೆಯಬೇಕು, ಕೊನೆಯಲ್ಲಿ ಕಲಿಸಿದವರ ಸಹಿ ಹಾಕಿಸಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರು. ಅವಳ ಜೊತೆಯವರೆಲ್ಲ ಶಾಲೆ ಶಾಲೆ ಅಲೆಯುತ್ತಿದ್ದರು. ಇವಳಿಗೆ ಮನೆಯಲ್ಲೇ ಸಿಕ್ಕಿತು. ವರದಿಯ ವಿಷಯವೂ ಪರೀಕ್ಷೆಯ ವಿಷಯವೂ ಒಂದೇ: ಕಲಿಯುವವರನ್ನು ನಡುವೆ ಇಟ್ಟುಕೊಂಡು ಕಲಿಸುವ ಬಗೆ, ಅದರ ಹಿಂದಿನ ಮನಸ್ಸಿನ ನಿಯಮಗಳು. ಹದಿನಾಲ್ಕು ನಿಯಮಗಳಿದ್ದವು. ಊಟದ ಮೇಜಿನ ಮೇಲೆ ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುವ ಕೆಲಸ ಅಜ್ಜಿಯದು.

“ಕಲಿಯುವವರ ಪೂರ್ವಜ್ಞಾನದ ಮೇಲೆ ಹೊಸ ಜ್ಞಾನವು ಕಟ್ಟಲ್ಪಡುತ್ತದೆ. ಭಯವು ಕಲಿಕೆಯನ್ನು ಕುಂಠಿತಗೊಳಿಸುತ್ತದೆ. ತಪ್ಪು ಎಂಬುದು... ತಪ್ಪು ಎಂಬುದು...”

“ತಪ್ಪಿದೆ. ಮೊದಲಿಂದ ಹೇಳು.”

“ಅಜ್ಜೀ, ಒಂದು ಪದ ಅಷ್ಟೇ.”

“ಒಂದೇ ಆದ್ರೂ ತಪ್ಪು ತಪ್ಪೇ. ಅದ್ಸರಿ ಪಂಡಿತೆ, ಪೂರ್ವಜ್ಞಾನ ಕಟ್ಟಲ್ಪಡೋದು ಅಂದ್ರೇನೇ?”

“ಗೊತ್ತಿಲ್ಲ. ಐದು ಅಂಕಕ್ಕೆ ಬರತ್ತೆ.”

ಬೆಳಗಿನ ಪಾಠ ಊರ ಹೊರಗಿನ ಗೋದಾಮುಗಳ ನಡುವಿನ ರಸ್ತೆಯಲ್ಲಿ ನಡೆಯುತ್ತಿತ್ತು. ಮೇಷ್ಟರ ಬಾಯಿ ಕಾರಿನ ಇಂಜಿನ್ನಿಗಿಂತ ಮೊದಲು ಚಾಲೂ ಆಗುತ್ತಿತ್ತು.

“ಕ್ಲಚ್ ಒತ್ತು. ಒತ್ತು! ಗೇರ್. ಈಗ ಮೆಲ್ಲಗೆ ಬಿಡು. ಮೆಲ್ಲಗೆ ಅಂದೆ! ಕನ್ನಡಿ ನೋಡು. ಕನ್ನಡೀಲಿ ನಿನ್ನ ಮುಖ ಅಲ್ಲ, ಹಿಂದಿನ ರಸ್ತೆ!”

“ರೀ, ಬಿಡುವಾಗ ಎಲ್ಲಿವರೆಗೆ ಬಿಟ್ರೆ ಗಾಡಿ ಹಿಡ್ಕೊಳ್ಳತ್ತೆ?”

“ಅದೆಲ್ಲ ಕೇಳ್ಬೇಡ. ಹೇಳಿದಷ್ಟು ಮಾಡು.”

ಹೇಳಿದಷ್ಟು ಮಾಡಿದರೆ ಕಾರು ಹೋಗುತ್ತಿತ್ತು. ಮೂರನೆಯ ವಾರಕ್ಕೆ ಅವಳು ದಿಬ್ಬ ಹತ್ತಿದಳು, ಐದನೆಯ ವಾರಕ್ಕೆ ಸಂತೆಬೀದಿಯಲ್ಲಿ ಹೋಗಿಬಂದಳು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಎಡಗಾಲಿನಲ್ಲಿ ನೆಲವನ್ನು ಒತ್ತಿ ಒತ್ತಿ ಬಿಡುತ್ತಿದ್ದಳು. “ಪೆಡಲು ಹೂವಿನಷ್ಟು ಹಗುರ ಕಣೇ,” ಎಂದು ಮಗಳಿಗೆ ಹೇಳಿದಳು. ಮಗಳು ಒರೆಸಿಟ್ಟ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದಳು.

ಆ ಊರಿನಲ್ಲಿ ಲೈಸೆನ್ಸಿನ ಪರೀಕ್ಷೆಗೆ ಒಂದು ರೂಢಿಯಿತ್ತು. ಡ್ರೈವಿಂಗ್ ಶಾಲೆಯವರು ತಮ್ಮ ಕಾರನ್ನೇ ತರುವರು; ಕಲಿತವರು ಓಡಿಸುವರು; ಅಪಾಯವಾಗದಿರಲೆಂದು ಶಾಲೆಯ ಮೇಷ್ಟರು ಪಕ್ಕದ ಸೀಟಿನಲ್ಲಿರುವರು; ಇನ್‌ಸ್ಪೆಕ್ಟರು ಹಿಂದೆ ಕೂತು ತೊಡೆಯ ಮೇಲಿನ ಕಾಗದದಲ್ಲಿ ಗುರುತು ಹಾಕುವರು. ಹಿಂದೆ ಕೂತವರಿಗೆ ಮುಂದಿನ ಸೀಟಿನ ಕೆಳಗಿನ ಕಾಲು ಕಾಣುವುದಿಲ್ಲ. ನರ್ಸಮ್ಮನ ಸರದಿ ಬಂದ ದಿನ ಹಳೆಯ ಇನ್‌ಸ್ಪೆಕ್ಟರು ಇರಲಿಲ್ಲ. ಬೇರೆ ಊರಿನಿಂದ ವರ್ಗವಾಗಿ ಬಂದ ಒಬ್ಬ ಹೆಂಗಸು ಕಾರಿನ ಬಾಗಿಲು ಹಿಡಿದು ನಿಂತಿದ್ದಳು.

“ಮೇಷ್ಟ್ರೇ, ನೀವು ಇಳೀರಿ.”

“ಮೇಡಂ, ಇಲ್ಲಿ ರೂಢಿ ಏನಂದ್ರೆ...”

“ರೂಢಿ ನನಗೂ ಹೇಳಿದ್ದಾರೆ. ಅದಕ್ಕೇ ಇಳೀರಿ ಅಂದೆ.”

ಇನ್‌ಸ್ಪೆಕ್ಟರಮ್ಮ ಮುಂದಿನ ಸೀಟಿನಲ್ಲಿ ಕೂತು ಎರಡು ಪಾದಗಳನ್ನೂ ಸೀಟಿನ ಅಡಿಗೆ ಎಳೆದುಕೊಂಡಳು. ನರ್ಸಮ್ಮ ಕ್ಲಚ್ಚು ಒತ್ತಿದಳು. ಅದು ಎಂದಿಗಿಂತ ಬಿಗಿಯಾಗಿತ್ತು. ಬಿಟ್ಟಳು, ಕಾರು ಕಪ್ಪೆಯ ಹಾಗೆ ಹಾರಿ ನಿಂತುಬಿಟ್ಟಿತು. ಅಜ್ಜಿ ಹೇಳುವಾಗ ನಾಲ್ಕು ಬಾರಿ. ಅಲ್ಲೇ ಬೇಲಿಯ ಪಕ್ಕ ನಿಂತಿದ್ದ ಮಗಳ ಎಣಿಕೆಯಲ್ಲಿ ಆರು. ಸರದಿಗೆ ಕಾದು ನಿಂತವರಲ್ಲಿ ಯಾರೋ, “ಮೇಷ್ಟ್ರ ಹೆಂಡ್ತಿ ಅಂತೆ!” ಎಂದರು. ನಗು ಬೇಲಿಯುದ್ದಕ್ಕೂ ಹರಿಯಿತು. ಆ ದಿನ ಪರೀಕ್ಷೆಗೆ ಬಂದಿದ್ದ ತಮ್ಮ ಇನ್ನಿಬ್ಬರು ಶಿಷ್ಯರನ್ನು ಮೇಷ್ಟರು, “ಗಾಡಿ ಸರಿಯಿಲ್ಲ, ಮುಂದಿನ ತಿಂಗಳು ನೋಡೋಣ,” ಎಂದು ಮನೆಗೆ ಕಳಿಸಿದರು.

“ನಾನೇ ಏನಾದ್ರೂ ಮುರಿದೆನೇನ್ರೀ?” ಎಂದು ವಾಪಸು ಬರುವಾಗ ನರ್ಸಮ್ಮ ಕೇಳಿದಳು. ಕಾರು ಓಡಿಸುತ್ತಿದ್ದವರು ಮೇಷ್ಟರು.

“ಇಲ್ಲ ಬಿಡು.”

“ಪೆಡಲು ಇಷ್ಟು ಗಟ್ಟಿ ಇರ್ಲಿಲ್ಲ. ದಿನಾ ಹೀಗಿರ್ಲಿಲ್ಲ.”

ಮೇಷ್ಟರು ಎರಡು ತಿರುವು ದಾಟಿದ ಮೇಲೆ ಹೇಳಿದರು: “ಭಯ ಆದ್ರೆ ಎಲ್ಲಾ ಗಟ್ಟಿ ಅನ್ಸತ್ತೆ. ನಿನ್ನ ಕೈಕಾಲು ನಡುಗ್ತಾ ಇತ್ತು. ವಯಸ್ಸೂ ಆಯ್ತಲ್ಲ.”

ಆಮೇಲಿನ ಎಂಟು ದಿನ ಅವಳು ಸಂತೆಬೀದಿ ಬಿಟ್ಟು ಹಿತ್ತಲ ದಾರಿಯಿಂದ ಕೆಲಸಕ್ಕೆ ಹೋದಳು. ಅಲ್ಲಿ ಹೊಸ ಹುಡುಗಿ, “ಪರ್ವಾಗಿಲ್ಲ ಸಿಸ್ಟರ್, ಎಲ್ಲರಿಗೂ ಎಲ್ಲಾ ಬರ್ಬೇಕು ಅಂತೇನಿಲ್ಲ,” ಎಂದು ಕುರ್ಚಿ ಎಳೆದುಕೊಟ್ಟಳು. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು, ಆ ಕುರ್ಚಿಯಲ್ಲಿ ಕೂರಲು ಅವಳಿಂದ ಆಗಲಿಲ್ಲ. ಮನೆಯಲ್ಲಿ ಅಜ್ಜಿ ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಕಾಂಪೌಂಡಿನ ಮೇಲಿಂದ ಹೇಳುತ್ತಿದ್ದದ್ದೂ ಕಿವಿಗೆ ಬಿತ್ತು: “ನನ್ನ ಮಗನದ್ದೇನೂ ತಪ್ಪಿಲ್ಲಮ್ಮ. ಇಪ್ಪತ್ತೆರಡು ವರ್ಷದ ಹೆಸರು. ಇವಳೊಬ್ಬಳು ಕೆಡಿಸಿದಳು.” ರಾತ್ರಿಯ ಊಟಕ್ಕೆ ನರ್ಸಮ್ಮ ಮೊಟ್ಟೆಗಳನ್ನು ಮೂವರಿಗೆ ಎಣಿಸಿ ಬೇಯಿಸಿದಳು.

“ನಿನಗೆಲ್ಲಿ?” ಎಂದರು ಮೇಷ್ಟರು.

“ಹಸಿವಿಲ್ಲ.”

ಮೇಷ್ಟರು ತಮ್ಮ ಮೊಟ್ಟೆಯನ್ನು ಅರ್ಧ ಮಾಡಿ ಅವಳ ತಟ್ಟೆಗೆ ಹಾಕಿದರು. ಅವಳಿಗೆ ಅಳು ಬಂತು. “ಇಷ್ಟು ಕಷ್ಟಪಟ್ಟು ಕಲಿಸಿದ್ರಿ. ನನ್ನಿಂದ ನಿಮಗೆ ಅವಮಾನ ಆಯ್ತು,” ಅಂದಳು. ಮೇಷ್ಟರು ಎದ್ದು ಕೈ ತೊಳೆಯಲು ಹೋದವರು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತರು.

ಒಂಬತ್ತನೆಯ ದಿನ ಭಾನುವಾರ. ಮೇಜು ಒರೆಸುವಾಗ ಮಗಳ ವರದಿ ಪುಸ್ತಕ ನರ್ಸಮ್ಮನ ಕೈಗೆ ಸಿಕ್ಕಿತು. ಹನ್ನೆರಡು ದಿನದಿಂದ ಅದು ತಂದೆಯ ಸಹಿಗಾಗಿ ಅಲ್ಲೇ ಇತ್ತು, ಪ್ರತಿದಿನ ಒಂದೊಂದು ಪಾತ್ರೆಯ ಕೆಳಗೆ. ಮಗಳು ಕೇಳಿರಲಿಲ್ಲ, ಮೇಷ್ಟರು ತೆರೆದಿರಲಿಲ್ಲ. ನರ್ಸಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದಳು.

‘ಕಲಿಯುವವಳು: ವಯಸ್ಸು ನಲವತ್ತಮೂರು. ಮೊದಲ ದಿನ. ಕಲಿಸುವವರು ಆಡಿದ ಮಾತು: ಎಣಿಸಲಾಗಲಿಲ್ಲ. ಕಲಿಯುವವಳು ಕೇಳಿದ ಪ್ರಶ್ನೆ: ಮೂರು. ಉತ್ತರ: ಇಲ್ಲ. ಎರಡನೆಯ ವಾರ. ಪ್ರಶ್ನೆ: ಒಂದು. ಕಣ್ಣೀರು: ಒಂದು ಬಾರಿ, ಗೋದಾಮಿನ ತಿರುವಿನಲ್ಲಿ. ಮೂರನೆಯ ವಾರ. ಪ್ರಶ್ನೆ: ಇಲ್ಲ. ದಿಬ್ಬ ಹತ್ತುವಾಗ ಕ್ಲಚ್ ಒತ್ತಿದ್ದು ಕಲಿಸುವವರು, ಹದಿನೇಳು ಬಾರಿ. ಬ್ರೇಕ್, ಒಂಬತ್ತು ಬಾರಿ. ಕಲಿಯುವವಳ ಕಾಲು ಪೆಡಲಿನ ಮೇಲೆ ಇದೆ. ಒತ್ತುತ್ತಿರುವುದು ತಾನಲ್ಲವೆಂದು ಅವಳಿಗೆ ತಿಳಿದಂತಿಲ್ಲ.’

ಆ ಕೊನೆಯ ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಮಗಳು ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

“ನಿನಗೆ ಗೊತ್ತಿತ್ತಾ?”

“ಅಮ್ಮಾ...”

“ಮೂರನೇ ವಾರದಿಂದ ಗೊತ್ತಿತ್ತಾ?”

“ಹಿಂದಿನ ಸೀಟಿನ ಬಲಗಡೆ ಮೂಲೇಲಿ ಕೂತ್ರೆ ಅಪ್ಪನ ಮೊಣಕಾಲು ಕಾಣತ್ತೆ. ನಾನು... ಗಮನಿಸುವವರು ನಡುವೆ ಬಾಯಿ ಹಾಕ್ಬಾರ್ದು ಅಂತ ನಿಯಮ ಇದೆ.”

“ನಾನು ಅತ್ತದ್ದನ್ನ ಎಣಿಸಿದೀಯ.”

ಮಗಳು ಬಟ್ಟೆಯ ರಾಶಿಯಲ್ಲಿ ಮುಖ ಮುಚ್ಚಿಕೊಂಡಳು. ನರ್ಸಮ್ಮ ಅವಳನ್ನು ದಾಟಿಕೊಂಡು ಹೊರಗೆ ಹೋದಳು. ಮೇಷ್ಟರು ಕಾರಿನ ಗಾಜು ತೊಳೆಯುತ್ತಿದ್ದರು. ಅಜ್ಜಿ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದಳು. ನರ್ಸಮ್ಮ ಪುಸ್ತಕವನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟಳು.

“ಪೆಡಲು ಯಾಕೆ ಗಟ್ಟಿ ಇತ್ತು ಅಂತ ಇನ್ನೊಂದ್ಸಲ ಹೇಳಿ.”

ಮೇಷ್ಟರು ಓದಿದರು. ಕೈಯಲ್ಲಿದ್ದ ಬಟ್ಟೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

“ಗಾಡಿ ನಿಂತ್ರೆ ಕಲಿಯೋರು ಹೆದರ್ತಾರೆ. ಅದಕ್ಕೇ ಸ್ವಲ್ಪ ಸಹಾಯ...”

“ಸಹಾಯ ಮಾಡಿದ್ದು ಸರಿ. ಆದ್ರೆ ಭಯ ಅಂದ್ರಿ. ವಯಸ್ಸು ಅಂದ್ರಿ. ನನ್ನ ಕಾಲು ನಿಜ ಹೇಳ್ತಾ ಇತ್ತು, ಅದನ್ನ ಸುಳ್ಳು ಅಂದ್ರಿ. ಎಂಟು ದಿನ ನಾನು ಹಿತ್ತಲ ದಾರೀಲಿ ಓಡಾಡ್ದೆ ಕಣ್ರೀ!”

“ಮೆಲ್ಲಗೆ ಮಾತಾಡೇ, ಬೀದಿ,” ಅಂದಳು ಅಜ್ಜಿ.

“ಬೀದಿಗೆ ನೀವಾಗಲೇ ಹೇಳಿದೀರಲ್ಲ ಅತ್ತೆ. ಉಳಿದದ್ದೂ ಕೇಳ್ಲಿ.” ಅವಳು ಮತ್ತೆ ಗಂಡನ ಕಡೆ ತಿರುಗಿದಳು. “ಚೊಚ್ಚಲ ಬಾಣಂತಿಗೆ ಕೂಸಿನ ಸ್ನಾನ ಕಲಿಸುವಾಗ ನಾನೇನು ಮಾಡ್ತೀನಿ ಗೊತ್ತಾ? ಕೈ ಎರಡೂ ಹಿಂದಕ್ಕೆ ಕಟ್ಕೊಂಡು ನಿಲ್ತೀನಿ. ಮಗು ಜಾರತ್ತೇನೋ ಅಂತ ಜೀವ ಬಾಯಿಗೆ ಬಂದಿರತ್ತೆ. ಆದ್ರೂ ಕಿತ್ಕೊಳ್ಳಲ್ಲ. ಕಿತ್ಕೊಂಡು ನಾನೇ ತೊಳೆದು ಕೊಟ್ರೆ ಅವಳು ಮನೆಗೆ ಹೋಗಿ ಏನು ಮಾಡ್ತಾಳೆ?”

ಅಜ್ಜಿ ಸುಲಿದ ಬಟಾಣಿಯನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಬಟ್ಟಲಿಗೂ ಹಾಕುತ್ತಿದ್ದುದು ಆಗ ಯಾರ ಗಮನಕ್ಕೂ ಬರಲಿಲ್ಲ. ಅದು ಸಂಜೆಯ ಊಟದಲ್ಲಿ ತಿಳಿಯಿತು. ಬಟಾಣಿಯಿಲ್ಲದ ತಟ್ಟೆಯ ಮುಂದೆ ಮೇಷ್ಟರು ಪುಸ್ತಕ ಎಳೆದುಕೊಂಡು, ‘ಕಲಿಸಿದವರು’ ಎಂಬಲ್ಲಿ ಸಹಿ ಹಾಕಿದರು.

“ಅಪ್ಪಾ, ಬೇಕಿದ್ರೆ ಆ ಪುಟ ಹರಿದು ಬೇರೆ ಬರೀತೀನಿ,” ಅಂದಳು ಮಗಳು.

“ಬೇಡ. ಬರೆದದ್ದು ನಿಜ.”

“ಇಡೀ ಕಾಲೇಜು ಓದತ್ತಲ್ಲೋ! ಮನೆ ಮಾನ ಹೋಗತ್ತೆ,” ಎಂದಳು ಅಜ್ಜಿ.

“ನಿನ್ನ ಸೊಸೇದು ಹೋದಾಗ ಮನೆ ಮಾನ ಅನ್ನಿಸ್ಲಿಲ್ವಲ್ಲಮ್ಮ,” ಅಂದರು ಮೇಷ್ಟರು. ಪೆನ್ನಿನ ಮುಚ್ಚಳ ಹಾಕಿ, “ನನಗೂ ಅನ್ನಿಸ್ಲಿಲ್ಲ,” ಎಂದು ಸೇರಿಸಿದರು.

ಮರುಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಕೆಲಸಕ್ಕೆ ಕೊಟ್ಟ ಗಡುವಿಗೆ ಹದಿಮೂರು. ಬೇರೆ ಶಾಲೆಯಲ್ಲಿ ಕಲಿಯುತ್ತೇನೆಂದು ನರ್ಸಮ್ಮ ಹೇಳಿದಳು. ಅಲ್ಲಿ ಒಂದು ತಿಂಗಳವರೆಗೆ ಜಾಗವಿರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಅವಳು ಕಾರಿನ ಬಾಗಿಲು ತೆರೆದಾಗ ಮೇಷ್ಟರು ಪಕ್ಕದ ಸೀಟಿನ ಮೇಲೆ ಚಪ್ಪಲಿ ಬಿಚ್ಚಿ, ಕಾಲು ಮೇಲೆ ಎಳೆದುಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

“ಇದೇನ್ರೀ ವೇಷ?”

“ಹೀಗೆ ಕೂತ್ರೆ ಕಾಲು ಎಟುಕಲ್ಲ. ಕೆಳಗಿಟ್ರೆ ಅದು ನನ್ನ ಮಾತು ಕೇಳಲ್ಲ.”

ಅವಳಿಗೆ ನಗು ಬಂತು. ಸಿಟ್ಟು ಹೋಗಿರಲಿಲ್ಲವಾದ್ದರಿಂದ ನಗಲಿಲ್ಲ. ಆ ದಿನ ಕಾರು ಹತ್ತೊಂಬತ್ತು ಬಾರಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು, ಪುಸ್ತಕವಿಲ್ಲದೆ. ಒಮ್ಮೆ ಕಾರು ಗೋದಾಮಿನ ಗೋಡೆಯತ್ತ ನುಗ್ಗಿದಾಗ ಮೇಷ್ಟರು ಕಣ್ಣು ಮುಚ್ಚಿಕೊಂಡು ಅಂಗಿಯ ತೋಳು ಕಚ್ಚಿದರು. ಬ್ರೇಕು ಒತ್ತಿದವಳು ಅವಳೇ. ಗೋಡೆಗೆ ಒಂದು ಮೊಳ ಉಳಿದಿತ್ತು.

ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಮೇಷ್ಟರು ಕೇಳಿದರು: “ಏನಾಯ್ತು ಅಂತ ನಿನಗನ್ಸತ್ತೆ?”

ಇಪ್ಪತ್ತೆರಡು ವರ್ಷದಲ್ಲಿ ಆ ಕಾರಿನೊಳಗೆ ಮೇಷ್ಟರು ಕೇಳಿದ ಮೊದಲ ಪ್ರಶ್ನೆ ಅದೆಂದು ಮಗಳು ಹೇಳುತ್ತಾಳೆ. ಅವಳು ಇದ್ದದ್ದು ಆರೇ ವಾರವಾದರೂ ಮೇಷ್ಟರು ಆ ಮಾತನ್ನು ಅಲ್ಲಗಳೆದಿಲ್ಲ.

“ಬೇಗ ಬಿಟ್ಟೆ. ಹಿಡ್ಕೊಳ್ಳೋ ಜಾಗ ಬರೋಕೆ ಮೊದಲೇ,” ಅಂದಳು ನರ್ಸಮ್ಮ. ಮತ್ತೆ ಮಾಡಿದಳು, ಮತ್ತೆ ನಿಂತಿತು. ಐದನೆಯ ದಿನ ದಿಬ್ಬದ ಬುಡದಲ್ಲಿ ಅವಳೇ ತನಗೆ ತಾನೇ ಹೇಳಿಕೊಂಡಳು: “ಓ, ಇದು ನಿದ್ದೆ ಹೋದ ಕೂಸನ್ನ ಮಲಗಿಸಿ ಕತ್ತಿನ ಕೆಳಗಿಂದ ಕೈ ತೆಗೆಯೋದಲ್ವಾ! ಭಾರ ಹಾಸಿಗೆಗೆ ಹೋಯ್ತು ಅಂತ ಬೆರಳಿಗೆ ತಿಳಿಯೋವರೆಗೂ ತೆಗೀಬಾರ್ದು.” ಕಾಲನ್ನು ಹಾಗೆಯೇ ಬಿಟ್ಟಳು. ಕಾರು ಒಮ್ಮೆ ಮೈ ನಡುಗಿಸಿ ದಿಬ್ಬ ಹತ್ತಿತು.

“ಪೂರ್ವಜ್ಞಾನ,” ಎಂದಳು ಹಿಂದಿನಿಂದ ಮಗಳು, ತೀರ ಮೆಲ್ಲಗೆ.

“ಏನೇ ಅದು?”

“ಏನಿಲ್ಲಮ್ಮ. ಐದು ಅಂಕದ್ದು. ಈಗ ಗೊತ್ತಾಯ್ತು.”

ಮರುಪರೀಕ್ಷೆಯಲ್ಲಿ ಕಾರು ಒಂದೇ ಬಾರಿ ನಿಂತಿತು. ನರ್ಸಮ್ಮ ಕೈಬ್ರೇಕು ಎಳೆದು, ಉಸಿರು ತೆಗೆದುಕೊಂಡು, ಮತ್ತೆ ಹೊರಡಿಸಿದಳು. ಇನ್‌ಸ್ಪೆಕ್ಟರಮ್ಮ ಕಾಗದದಲ್ಲಿ ಗುರುತು ಹಾಕಿ, “ನಿಂತ ಗಾಡೀನ ಹೊರಡಿಸೋದನ್ನೇ ನಾನು ನೋಡೋದು,” ಅಂದಳು. ಕೆಲಸ ನರ್ಸಮ್ಮನಿಗೇ ಉಳಿಯಿತು. ಅಜ್ಜಿ ಕಾಂಪೌಂಡಿನ ಹತ್ತಿರ ಹೋಗಿ ದರ್ಜಿಯ ಹೆಂಡತಿಯನ್ನು ಕರೆದು, “ಅವತ್ತು ನಾನು ಹೇಳಿದ್ದು ತಪ್ಪು ಕಣಮ್ಮ,” ಎಂದಷ್ಟೇ ಹೇಳಿ ಒಳಗೆ ಬಂದಳು. ದರ್ಜಿಯ ಹೆಂಡತಿಗೆ ಯಾವತ್ತು, ಏನು ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಕಥೆಯನ್ನು ಅಜ್ಜಿ ಇಲ್ಲಿಗೇ ನಿಲ್ಲಿಸುತ್ತಾಳೆ. ಸೊಸೆ ನಿಲ್ಲಿಸುವುದಿಲ್ಲ.

ಕೇಂದ್ರದ ಕಾರು ಬಂದ ಮೂರನೆಯ ವಾರ, ಊಟದ ಹೊತ್ತಿನಲ್ಲಿ ಅವಳು ಹೇಳಿದಳು: “ಇವತ್ತು ಅಂಚೆ ಕಚೇರಿಯ ಗುಮಾಸ್ತೆ ಸಿಕ್ಕಿದ್ರು. ಎರಡು ಚೀಲ ಹೊತ್ಕೊಂಡು ಬಿಸಿಲಲ್ಲಿ ನಡೀತಿದ್ರು, ಹತ್ತಿಸ್ಕೊಂಡೆ. ಒಂಬತ್ತು ವರ್ಷದ ಹಿಂದೆ ನಿಮ್ಮ ಹತ್ರಾನೇ ಪಾಸಾದ್ರಂತೆ. ಕಾರು ಮನೇಲಿದೆಯಂತೆ, ಬಟ್ಟೆ ಹೊದ್ಕೊಂಡು.”

ಮೇಷ್ಟರು ತುತ್ತು ಕೆಳಗಿಟ್ಟರು. ಆ ಗುಮಾಸ್ತೆಯನ್ನು ಅವರು ಬಲ್ಲರು. ಬೀದಿಯಲ್ಲಿ ಇವರನ್ನು ಕಂಡರೆ ಆಕೆ ಆಚೆ ಬದಿಗೆ ದಾಟಿಬಿಡುತ್ತಿದ್ದಳು. ಕಲಿತ ಮೇಲೆ ಮೇಷ್ಟರು ಯಾರೋ ಎಂಬಂತಾಡುವ ಜಂಬದವಳು ಎಂದು ಅವರು ಮನೆಯಲ್ಲೇ ಎಷ್ಟೋ ಸಲ ಆಡಿಕೊಂಡಿದ್ದರು.

“ನಾನೇನೂ ಹೇಳ್ಲಿಲ್ಲ ಅವರಿಗೆ. ಹೇಳೋದು ನನ್ನ ಕೆಲಸ ಅಲ್ಲ,” ಎಂದು ನರ್ಸಮ್ಮ ನೀರಿನ ಲೋಟವನ್ನು ಅವರ ಕಡೆ ಸರಿಸಿದಳು.

ಭಾನುವಾರ ಮೇಷ್ಟರು ಕಾರು ಬಿಟ್ಟು ನಡೆದೇ ಹೋದರು. ಗುಮಾಸ್ತೆ ಬಾಗಿಲು ತೆರೆದವಳು ಇವರನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅಂಗಳದ ಮೂಲೆಯಲ್ಲಿ ಬೂದು ಬಟ್ಟೆಯ ಅಡಿಯಲ್ಲಿ ಕಾರಿನ ಆಕಾರ ಕಾಣುತ್ತಿತ್ತು. ಬಟ್ಟೆಯ ಮೇಲೆ ಬೆಕ್ಕೊಂದು ಮಲಗಿತ್ತು.

“ಮೇಷ್ಟ್ರೇ! ಬನ್ನಿ, ಕೂತ್ಕೊಳ್ಳಿ. ನಿಮ್ಮ ಮನೆಯವರು ಹೇಳಿಬಿಟ್ರಾ?” ಆಕೆ ಕುರ್ಚಿಯ ಮೇಲಿನ ಬಟ್ಟೆಗಳನ್ನು ಅವಸರದಲ್ಲಿ ತೆಗೆಯುತ್ತಿದ್ದಳು. “ನಿಮ್ಮನ್ನ ಕಂಡ್ರೆ ನನಗೆ ತಲೆ ಎತ್ತೋಕೇ ಆಗಲ್ಲ. ನೀವು ಅಷ್ಟು ಚೆನ್ನಾಗಿ ಕಲಿಸಿದ್ರಿ. ಪಾಸಾದ ಮರುದಿನ ಒಬ್ಬಳೇ ಹೊರಟೆ ನೋಡಿ, ಗೇಟಿಂದ ಆಚೆ ಹೋಗ್ಲಿಲ್ಲ. ಯಜಮಾನ್ರು ಇರೋವರೆಗೂ ಅದನ್ನೇ ಹೇಳಿ ನಗ್ತಿದ್ರು. ನೂರರಲ್ಲಿ ಒಬ್ಬಳು ದಡ್ಡಿ ಇರ್ತಾಳಲ್ಲ, ಅದು ನಾನೇ ಅಂದ್ಕೊಂಡೆ. ನಿಮ್ಮ ಹೆಸರು ಕೆಡತ್ತೆ ಅಂತ ಯಾರಿಗೂ ಹೇಳಿಲ್ಲ. ಕ್ಷಮಿಸ್ಬೇಕು.”

ಮೇಷ್ಟರು ಕುರ್ಚಿಯಲ್ಲಿ ಕೂರಲಿಲ್ಲ.

“ಅವತ್ತು ಪರೀಕ್ಷೇಲಿ ಓಡಿಸಿದ್ದು ನೀವಲ್ಲಮ್ಮ,” ಎಂದರು. “ನಾನು. ಅದಕ್ಕೆ ಮುಂಚೇನೂ ನಾನೇ. ಪಕ್ಕದ ಸೀಟಿನಿಂದ. ನಿಮ್ಮೊಬ್ಬರದ್ದೇ ಅಲ್ಲ.”

ಆಕೆ ಕೈಯಲ್ಲಿದ್ದ ಬಟ್ಟೆಗಳನ್ನು ಮತ್ತೆ ಅದೇ ಕುರ್ಚಿಯ ಮೇಲಿಟ್ಟಳು. ಒಳಗೆ ಎಲ್ಲೋ ಹಾಲು ಉಕ್ಕುವ ಸದ್ದಾಯಿತು, ಆಕೆ ಹೋಗಲಿಲ್ಲ.

“ಹಾಗಾದ್ರೆ... ನನಗೆ ಕಲಿಯೋಕೆ ಆಗ್ತಿತ್ತಾ?”

“ಗೊತ್ತಿಲ್ಲಮ್ಮ,” ಎಂದರು ಮೇಷ್ಟರು. “ನಾನು ರಸ್ತೆ ನೋಡ್ತಿದ್ದೆ. ನಿಮ್ಮನ್ನ ಒಂದು ದಿನಾನೂ ನೋಡ್ಲಿಲ್ಲ.”